ಗೊರಕೆಯ ಚರಿತ್ರೆ

ನನ್ನ ತವರು ಸೊರಬ, ಸೇರಿದ ಮನೆ ಶಿಕಾರಿಪುರ. ಎರಡು ಮನೆಗಳಲ್ಲೂ ಗೊರಕೆಗೆ ಬರವಿರಲಿಲ್ಲ. ಅದಕ್ಕೆ ಸಿಗುತ್ತಿದ್ದ ಮರ್ಯಾದೆ ಮಾತ್ರ ಬೇರೆ ಬೇರೆ.

ಶಿಕಾರಿಪುರದಲ್ಲಿ ಮಾವನವರು ಗೊರಕೆ ಹೊಡೆದರೆ, "ಪಾಪ, ದಣಿದು ಬಂದಿದ್ದಾರೆ, ಸದ್ದು ಮಾಡಬೇಡಿ" ಎಂದು ಅತ್ತೆ ನಮ್ಮನ್ನೇ ಗದರುತ್ತಿದ್ದರು. ಸೊರಬದಲ್ಲಿ ಅಮ್ಮನ ಗೊರಕೆ ಮಕ್ಕಳಾದ ನಮಗೆ ನಗೆಪಾಟಲಾಗಿತ್ತು. ನೆಂಟರ ಮದುವೆಗೆ ಹೋದರೆ ಅಮ್ಮ ಹೆಂಗಸರ ಸಾಲಿನಲ್ಲಿ ಮಲಗುತ್ತಲೇ ಇರಲಿಲ್ಲ. ಕಂಬಕ್ಕೊರಗಿ ಕೂತು ಬೆಳಗಿನ ಜಾವದವರೆಗೂ ಹೂ ಕಟ್ಟುತ್ತಿದ್ದಳು. "ನಿಮ್ಮಮ್ಮನಿಗೆ ದಣಿವೆಂಬುದೇ ಇಲ್ಲ" ಎಂದು ಎಲ್ಲರೂ ಹೊಗಳುವವರೇ. ಮಾರನೆಯ ದಿನ ಅವಳು ಅಕ್ಕಿ ಆರಿಸುತ್ತಾ ಮೊರದ ಮೇಲೆ ತೂಕಡಿಸುವುದನ್ನು ಕಂಡವರು ನಾವು ಮಾತ್ರ. ಬೆಳಗ್ಗೆ ಎದ್ದರೆ ತಲೆನೋವು; ಪಿತ್ತವೆಂದು ಶುಂಠಿ ಕಷಾಯ. ಆಮೇಲೆ ಬಿ.ಪಿ. ಬಂತು. ಅರವತ್ತೊಂದನೆಯ ವಯಸ್ಸಿಗೆ ಪಾರ್ಶ್ವವಾಯು ಬಡಿದು ಹೋಗಿಬಿಟ್ಟಳು.

ಇಂಥ ಗೊರಕೆಯ ಹಿಂದೆ ಹೆಸರುಳ್ಳ ಒಂದು ಕಾಯಿಲೆ ಇರಬಹುದೆಂದು ನನಗೆ ತಿಳಿದದ್ದು 2019ರಲ್ಲಿ, ನಮ್ಮವರ ದೆಸೆಯಿಂದ. ಅವರ ಉಸಿರು ನಿದ್ದೆಯಲ್ಲಿ ನಿಂತು ನಿಂತು ಬರುವುದನ್ನು ಅಳಿಯ ಗಮನಿಸಿ ಶಿವಮೊಗ್ಗಕ್ಕೆ ಕರೆದೊಯ್ದ. ಸ್ಲೀಪ್ ಆಪ್ನಿಯಾ ಎಂದರು. ಮಲಗಿದಾಗ ಗಂಟಲಿನ ಸಡಿಲ ಮಾಂಸ ಕುಸಿದು ಉಸಿರಿನ ದಾರಿ ಮುಚ್ಚುತ್ತದೆ. ಹತ್ತು ಸೆಕೆಂಡೋ ಇನ್ನೂ ಹೆಚ್ಚೋ ಉಸಿರು ನಿಂತಾಗ ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ. ಮತ್ತೆ ನಿದ್ದೆ, ಮತ್ತೆ ತಡೆ. ಗಂಟೆಗೆ ಮೂವತ್ತು ಸಲ ದಾಟಿದರೆ ತೀವ್ರವೆಂದು ಲೆಕ್ಕ. ನಮ್ಮವರದು ಮೂವತ್ತೆಂಟು. ಮನೆಗೆ ಸಿಪ್ಯಾಪ್ ಯಂತ್ರ ಬಂತು. ಮೂಗಿಗೊಂದು ಮಾಸ್ಕ್, ಅದಕ್ಕೊಂದು ಉದ್ದನೆಯ ಕೊಳವೆ, ಗಾಳಿ ಊದುವ ಪೆಟ್ಟಿಗೆ, ಗಾಳಿಗೆ ತೇವ ಕೊಡಲು ನೀರಿನ ಪುಟ್ಟ ತೊಟ್ಟಿ.

ಮಾರಿದವರು ಅದನ್ನು ಹಾಕಿಕೊಳ್ಳುವುದು ಹೇಗೆಂದು ನಮ್ಮವರಿಗೆ ತೋರಿಸಿದರು. ತೊಳೆಯುವುದು ಹೇಗೆಂದು ನನಗೆ ಯಾರೂ ಹೇಳಲಿಲ್ಲ. ಮನೆಯ ಬೋರ್‌ವೆಲ್ ನೀರನ್ನೇ ತುಂಬಿದೆ. ತಿಂಗಳೊಳಗೆ ತೊಟ್ಟಿಯ ತಳದಲ್ಲಿ ಬಚ್ಚಲ ಹಂಡೆಯಂತೆ ಬಿಳಿ ಉಪ್ಪುಗಟ್ಟಿತು. ಮಳೆಗಾಲ ಬಂದಾಗ ಕೊಳವೆಯಿಂದ ಒದ್ದೆ ಬಟ್ಟೆಯ ಮುಗ್ಗಲು ವಾಸನೆ. ನಮ್ಮವರಿಗೆ ಮೂಗು ಕಟ್ಟಿತು, ಕೆಮ್ಮು ಹತ್ತಿತು. ನಾನು ಜಾಣತನ ಮಾಡಿ ನೆಲ ಒರೆಸುವ ಘಾಟು ಔಷಧಿಯಲ್ಲಿ ಕೊಳವೆ ತೊಳೆದೆ. ರಾತ್ರಿಯಿಡೀ ಆ ಘಾಟೇ ಅವರ ಎದೆಯೊಳಕ್ಕೆ! "ಇದರ ಸಹವಾಸ ಸಾಕು" ಎಂದು ಮಾಸ್ಕ್ ಕಿತ್ತಿಟ್ಟರು. ಹದಿನೈದು ದಿನ ಯಂತ್ರ ಮೂಲೆಯಲ್ಲಿತ್ತು. ಆ ಹದಿನೈದು ರಾತ್ರಿ ನಾನು ಅವರ ನಿಂತ ಉಸಿರು ಮತ್ತೆ ಬರುವುದನ್ನು ಕಾಯುತ್ತಾ ಎಚ್ಚರವಿದ್ದೆ.

ಆಮೇಲೆ ಪುಸ್ತಿಕೆ ಓದಿ, ಡಾಕ್ಟರನ್ನು ಕೇಳಿ ಕಲಿತೆ. ಬೆಳಗ್ಗೆ ಯಂತ್ರದ ಪ್ಲಗ್ ತೆಗೆದು, ಉಳಿದ ನೀರು ಚೆಲ್ಲಿ, ತೊಟ್ಟಿಯನ್ನೂ ಮಾಸ್ಕಿನ ಮೆತ್ತೆಯನ್ನೂ ಉಗುರುಬೆಚ್ಚಗಿನ ನೀರು, ಮೆದು ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಮುಖದ ಜಿಡ್ಡು ಉಳಿದರೆ ಮೆತ್ತೆ ಜಾರಿ ಗಾಳಿ ಸೋರುತ್ತದೆ. ಕೊಳವೆ, ತಲೆಪಟ್ಟಿ ವಾರಕ್ಕೊಮ್ಮೆ. ತೊಟ್ಟಿಗೆ ಭಟ್ಟಿ ಇಳಿಸಿದ ನೀರೇ ಆಗಬೇಕು, ದಿನವೂ ಹೊಸದು. ಉಪ್ಪುಗಟ್ಟಿದರೆ ಒಂದು ಪಾಲು ಬಿಳಿ ವಿನಿಗರ್‌ಗೆ ಹತ್ತು ಪಾಲು ನೀರು ಬೆರೆಸಿ ನೆನೆಸಿ, ಚೆನ್ನಾಗಿ ಜಾಲಿಸಬೇಕು. ಗಾಳಿ ಸೋಸುವ ಫಿಲ್ಟರನ್ನು ತಿಂಗಳಿಗೊಮ್ಮೆ ನೋಡಿ, ಹೆಚ್ಚೆಂದರೆ ಆರು ತಿಂಗಳಿಗೆ ಬದಲಿಸಬೇಕು. ನಮ್ಮಲ್ಲಿ ಸುಗ್ಗಿಯ ಧೂಳಿಗೆ ಅದು ಮೊದಲೇ ಕಪ್ಪಾಗುತ್ತದೆ. ಬ್ಲೀಚು, ಸ್ಪಿರಿಟ್ಟು, ಪರಿಮಳದ ಎಣ್ಣೆ ಯಾವುದೂ ಕೂಡದು.

ದಿನಾ ತೊಳೆಯುವ ವಸ್ತುವಿನ ಕುಲಗೋತ್ರ ತಿಳಿಯುವ ಆಸೆಯಾಯಿತು. 1980ಕ್ಕೆ ಮುಂಚೆ ತೀವ್ರವಾದ ಈ ಕಾಯಿಲೆಗೆ ಇದ್ದ ಖಚಿತ ಚಿಕಿತ್ಸೆಯೆಂದರೆ ಗಂಟಲಿಗೆ ತೂತು ಕೊರೆಯುವುದು. ಆ ವರ್ಷದ ಜೂನ್‌ನಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು, ತೂತು ಬೇಡವೆಂದ ಕಟ್ಟಡ ಕೆಲಸಗಾರನೊಬ್ಬನಿಗೆ ಮೂಗಿನಿಂದ ಒತ್ತಡದ ಗಾಳಿ ಊದಿ ನೋಡಿದರು. ಎಷ್ಟೋ ವರ್ಷಗಳ ಮೇಲೆ ಅವನು ತಡೆಯಿಲ್ಲದೆ ನಿದ್ದೆ ಮಾಡಿದ. 1981ರಲ್ಲಿ ಐವರು ರೋಗಿಗಳ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮೊದಮೊದಲಿನ ಯಂತ್ರಗಳಿಗೆ ಗಾಳಿ ಊದಿದ್ದು ಕಸ ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಮೋಟಾರು. ಮನೆ ಗುಡಿಸುವ ಯಂತ್ರದ ಮೊಮ್ಮಗನನ್ನು ನಾನು ತೊಳೆಯುತ್ತಿದ್ದೇನೆ ಎಂದು ನಗು ಬಂತು. ಆಗಿನ ರೋಗಿಗಳು ದಿನವೂ ರಾತ್ರಿ ಮಾಸ್ಕನ್ನು ಸಿಲಿಕೋನ್ ಅಂಟಿನಿಂದ ಮೂಗಿಗೆ ಅಂಟಿಸಿ, ಬೆಳಗ್ಗೆ ಸುಲಿದು ತೆಗೆಯಬೇಕಿತ್ತಂತೆ. ಆ ಅಂಟನ್ನು ಕೆರೆದು ತೆಗೆದ ಕೈಗಳು ಯಾರವೋ!

ತೊಳೆಯುವ ಬೇಸರಕ್ಕೆ ಓಜೋನ್ ಅನಿಲದ ಪೆಟ್ಟಿಗೆಗಳೂ ಮಾರುಕಟ್ಟೆಗೆ ಬಂದವು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2020ರಲ್ಲೇ ಅವುಗಳ ಬಗ್ಗೆ ಎಚ್ಚರಿಸಿತ್ತು. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಕರೆಸಿತು. ಸದ್ದಡಗಿಸಲು ಒಳಗಿಟ್ಟಿದ್ದ ಫೋಮು ಪುಡಿಯಾಗಿ ಉಸಿರಿಗೆ ಸೇರಬಹುದೆಂಬುದು ಕಾರಣ; ಓಜೋನ್ ಅದನ್ನು ಇನ್ನೂ ಬೇಗ ಕೆಡಿಸಬಹುದೆಂದೂ ಹೇಳಿತು. ನನ್ನ ಸೋಪು ನೀರೇ ವಾಸಿ ಎನಿಸಿತು.

ಸೊರಬಕ್ಕೆ ಹೋಗುವಾಗ ಶಿರಾಳಕೊಪ್ಪದ ಬಳಿ ಬಳ್ಳಿಗಾವೆಗೆ ತಿರುಗುವುದುಂಟು. ಅಲ್ಲಿನ ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನ ವಿದ್ಯೆಯ, ಅನ್ನದಾನದ ನೆಲೆಯೆಂದು ಹೊಗಳುತ್ತದೆ. ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವ ಜಾಗವೆಂದೂ ಹೇಳುತ್ತದೆ. ಎಂಟುನೂರು ವರ್ಷಗಳ ಹಿಂದೆ ನಮ್ಮ ತಾಲ್ಲೂಕಿನಲ್ಲೇ! ಆದರೆ ಅಲ್ಲಿ ಕಷಾಯದ ಪಾತ್ರೆ ತಿಕ್ಕಿದವರು ಯಾರು, ರೋಗಿಯ ಬಟ್ಟೆ ಒಗೆದವರು ಯಾರು ಎಂದು ನನಗೆ ಅನಿಸದೆ ಇರುವುದಿಲ್ಲ.

ಇಷ್ಟೆಲ್ಲ ತಿಳಿದ ನನಗೆ ನನ್ನ ತಲೆನೋವಿನ ಬಗ್ಗೆ ಮಾತ್ರ ತಿಳಿಯಲಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ಕಾಯಿಲೆ ಹೆಚ್ಚುತ್ತದೆ. ನಾವು ಹೇಳಿಕೊಳ್ಳುವುದು ಸುಸ್ತು, ತಲೆನೋವು, ನಿದ್ದೆಗೇಡು. ಗೊರಕೆಯ ಮಾತು ಆಡುವುದಿಲ್ಲ. ಹಾಗಾಗಿ ವೈದ್ಯರ ಕಣ್ಣಿಗೂ ತಪ್ಪುತ್ತದೆ. ಮಗಳು ಪರೀಕ್ಷೆ ಮಾಡಿಸೆಂದು ಎರಡು ವರ್ಷ ಗೋಗರೆದಳು. "ಎರಡೆರಡು ಯಂತ್ರ ತೊಳೆಯುವವರು ಯಾರೇ?" ಎಂದು ಮುಂದೂಡಿದೆ. ಕೊನೆಗೆ ಮಾಡಿಸಿದೆ. ಗಂಟೆಗೆ ಇಪ್ಪತ್ತಾರು. ಅವತ್ತು ಅಮ್ಮ ಬಹಳ ನೆನಪಾದಳು. ಅವಳಿಗಿದ್ದದ್ದು ಇದೇ ಎಂದು ಹೇಳಲಾರೆ, ಯಾರೂ ಪರೀಕ್ಷಿಸಲಿಲ್ಲವಲ್ಲ.

ಈಗ ನಮ್ಮವರ ಮಾಸ್ಕನ್ನು ನಮ್ಮವರೇ ತೊಳೆದುಕೊಳ್ಳುತ್ತಾರೆ. ಸೋಪು ಸ್ವಲ್ಪ ಹೆಚ್ಚೇ ಹಾಕುತ್ತಾರೆ, ಇರಲಿ.

ಕಳೆದ ಬೇಸಿಗೆಯಲ್ಲಿ ಸೊರಬದಲ್ಲಿ ತಮ್ಮನ ಮಗಳ ಮದುವೆ. ಚೀಲದಲ್ಲಿ ಯಂತ್ರ ಒಯ್ದೆ. ಪ್ಲಗ್ ಇರುವ ಗೋಡೆಯ ಪಕ್ಕ, ಹೆಂಗಸರ ಸಾಲಿನಲ್ಲೇ ಹಾಸಿಕೊಂಡು ಮಲಗಿದೆ. ಹುಡುಗಿಯರು ಕಿಸಕ್ಕನೆ ನಕ್ಕರು. ಬೆಳಗ್ಗೆ ಹಿತ್ತಿಲ ನಲ್ಲಿಯಲ್ಲಿ ಮಾಸ್ಕ್ ತೊಳೆಯುತ್ತಿದ್ದಾಗ ಚಿಕ್ಕಮ್ಮ ಬಂದು ಪಕ್ಕದಲ್ಲಿ ನಿಂತರು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಇದರ ಪರೀಕ್ಷೆ ಎಲ್ಲಿ ಮಾಡ್ತಾರೇ? ರಾತ್ರಿಯೆಲ್ಲ ನಾನು ಮಲಗಲಿಲ್ಲ ಕಣೇ, ಹೂ ಕಟ್ತಾ ಕೂತಿದ್ದೆ."