ಮೈಲಾರದ ಗಾಡಿದಾರಿಯಿಂದ ದ್ವೀಪಯಾನದವರೆಗೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು: ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳಿಗೆ ಇವತ್ತಿಗೂ ರೈಲು ನಿಲ್ದಾಣವಿಲ್ಲ. ಘಟ್ಟ ಇಳಿಯದೆ ಸಮುದ್ರ ಕಾಣುವಂತಿಲ್ಲ. ಆದರೂ ಅಡಿಕೆ ಹಣ ಕೈಸೇರಿದ ಮನೆಗಳಲ್ಲಿ ಅಂಡಮಾನ್, ಲಕ್ಷದ್ವೀಪ, ಬಾಲಿಯ ಮಾತು ಕೇಳಿಬರುವುದು ಈಗ ಅಪರೂಪವಲ್ಲ. ಮಕ್ಕಳನ್ನು ಸ್ಕೂಬಾಕ್ಕೆ ಇಳಿಸುವುದೋ ಬೇಡವೋ, ಅಜ್ಜಿಯನ್ನು ದೋಣಿ ಹತ್ತಿಸುವುದು ಹೇಗೆ ಎಂಬ ಚರ್ಚೆ ಪಡಸಾಲೆಯಲ್ಲೇ ನಡೆಯುತ್ತದೆ. ಇದನ್ನು ಕಂಡ ಹಿರಿಯರು ‘ಹೊಸ ದುಡ್ಡಿನ ಹೊಸ ಚಾಳಿ’ ಎಂದು ಮೂಗು ಮುರಿಯುವುದುಂಟು. ಈ ಮಾತು ಅರ್ಧ ಮಾತ್ರ ನಿಜ. ದುಡ್ಡು ಹೊಸದು, ಚಾಳಿ ಹಳೆಯದು. ಹೆಂಗಸರು, ಮಕ್ಕಳು, ಮುದುಕರು ಸಮೇತ ಮನೆಗೆ ಮನೆಯೇ ಹೊರಟು, ನೀರು ದಾಟಿ, ಅಪಾಯದ ಅರಿವಿದ್ದೂ ದೂರದೂರು ಕಂಡು ಬರುವ ಪದ್ಧತಿ ಈ ಸೀಮೆಗೆ ಶತಮಾನಗಳಷ್ಟು ಹಳೆಯದು. ಆ ಪಯಣದ ಹೊಣೆಯನ್ನು ಯಾರು ಹೊರುತ್ತಾರೆ ಎಂಬುದು ಮಾತ್ರ ಈಗ ಬದಲಾಗಿದೆ.

ಮೊದಲ ಸಾಕ್ಷಿ ಮೈಲಾರದ ದಾರಿ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುವ ಜಾತ್ರೆಗೆ, ಡೆಂಕಣಮರಡಿಯ ಕಾರಣಿಕವನ್ನು, ಅಂದರೆ ಅಲ್ಲಿ ನುಡಿಯುವ ಭವಿಷ್ಯವಾಣಿಯನ್ನು, ಕೇಳಲಿಕ್ಕೆ, ತುಂಗಭದ್ರೆಯ ಎರಡೂ ದಂಡೆಯ ಜಿಲ್ಲೆಗಳಿಂದ ಗಾಡಿ ಕಟ್ಟಿಕೊಂಡು ಹೋಗುವ ರೂಢಿ ಇನ್ನೂ ಪೂರ್ತಿ ನಿಂತಿಲ್ಲ. ಹೊನ್ನಾಳಿ ಇರುವುದು ಹೊಳೆಯ ಎಡದಂಡೆಯಲ್ಲಿ, ಮೈಲಾರ ಬಲದಂಡೆಯಲ್ಲಿ. ಹಾಗಾಗಿ ಹೊನ್ನಾಳಿಯವರು ಎಲ್ಲಿಯಾದರೂ ಒಂದು ಕಡೆ ಹೊಳೆ ದಾಟಲೇಬೇಕು. ಸೇತುವೆ ಇಲ್ಲದ ಕಾಲದಲ್ಲಿ ಅದು ಹರಿಗೋಲಿನ ಮಾತು, ಇಲ್ಲವೆ ನೀರು ಇಳಿದ ಕಡೆ ಎತ್ತು ಹೊಡೆದು ದಾಟುವ ಮಾತು. ಹೊರಡುವ ಮುಂಚಿನ ಸಿದ್ಧತೆಯೇ ಒಂದು ಶಾಸ್ತ್ರ. ಎತ್ತಿಗೆ ಲಾಳ ಕಟ್ಟಿಸಬೇಕು, ಅಚ್ಚಿಗೆ ಕೀಲೆಣ್ಣೆ ಹಾಕಬೇಕು, ಗಾಡಿಗೆ ಕಮಾನು ಬಿಗಿದು ಒಳಗೆ ಹುಲ್ಲು ಹಾಸಿ ಮೇಲೆ ಕಂಬಳಿ ಹೊದಿಸಬೇಕು. ಒಲೆಯ ಮುಂದೆ ಕಟಕಲು ರೊಟ್ಟಿ ಬೇಯುತ್ತಿದ್ದರೆ ಪಕ್ಕದಲ್ಲಿ ಶೇಂಗಾ ಚಟ್ನಿಪುಡಿ, ಗುರೆಳ್ಳುಪುಡಿ ಗಂಟಾಗಬೇಕು. ಎತ್ತಿನ ಮೇವು, ಹೊರಗೆ ಅಡುಗೆಗೆ ಬೇಕಾದ ಪಾತ್ರೆ, ಕೂಸಿಗೆ ತೊಟ್ಟಿಲ ಸೀರೆ ಎಲ್ಲವೂ ಅದೇ ಗಾಡಿಯಲ್ಲಿ. ಒಂಟಿ ಗಾಡಿ ಹೊರಡುತ್ತಿರಲಿಲ್ಲ, ಓಣಿಯ ಗಾಡಿಗಳು ಸಾಲಾಗಿ ಹೊರಡುತ್ತಿದ್ದವು. ಹೊಳೆಯ ಆಳ ಬಲ್ಲ ಹಿರಿಯನ ಗಾಡಿ ಮುಂದೆ, ಬಾಣಂತಿ, ಮುದುಕರಿರುವ ಗಾಡಿ ನಡುವೆ.

ನೀರಿನ ನಡುವಿನ ನೆಲಕ್ಕೆ ಹೋಗುವ ಆಸೆಯೂ ಇಲ್ಲಿ ಹೊರಗಿನಿಂದ ಬಂದದ್ದಲ್ಲ. ಕುರುವದ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ಗಡ್ಡೆ ರಾಮೇಶ್ವರ ಸುತ್ತಲಿನ ಹಳ್ಳಿಗಳಿಗೆ ಪರಿಚಿತ ದೈವ. ಹೊಳೆ ಇಳಿದಾಗ ಹೋಗುವುದು, ಏರಿದಾಗ ದಂಡೆಯಿಂದಲೇ ಕೈಮುಗಿಯುವುದು ಅಂಥ ಜಾಗಗಳ ಸಹಜ ನಿಯಮ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪಾಳೇಗಾರ ಕೆಂಗ ಹನುಮಪ್ಪ ನಾಯಕನ ಹೆಸರಿನೊಂದಿಗೆ ಬೆಸೆದುಕೊಂಡ ಪುಷ್ಕರಣಿಯನ್ನೇ ನೋಡಿ. ಕಲ್ಲು ಕಟ್ಟಿದ ಹೊಂಡದ ನಡುವೆ ವಸಂತ ಮಂಟಪ, ಸುತ್ತ ದಡದಲ್ಲಿ ಸಣ್ಣ ಮಂಟಪಗಳು. ನಡುಮಂಟಪ ಮುಟ್ಟಲು ನೀರು ದಾಟಲೇಬೇಕು. ಸುತ್ತ ನೀರಿರುವ ನೆರಳಲ್ಲಿ ಕೂರುವ ಸುಖವನ್ನು ಬಲ್ಲವರು ಮಾತ್ರ ಕಟ್ಟಿಸಬಲ್ಲ ಕಟ್ಟಡ ಅದು. ಅದೇ ಹೊಂಡದ ಪಕ್ಕದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಕಟ್ಟಿಸಿದನೆಂದು ಹೇಳುವ ಮುಸಾಫಿರ್‌ಖಾನೆ ಇದೆ. ಪ್ರಯಾಣಿಕರ ತಂಗುದಾಣಕ್ಕೆ ಅಷ್ಟು ಕಲ್ಲು, ಅಷ್ಟು ಗಾರೆ ಸುರಿದ ಊರನ್ನು ಹೊರಗಿನ ಲೋಕ ಕಾಣದ ಮೂಲೆ ಎನ್ನಲಾಗದು. ದೂರದ ಪಯಣಿಗರು ಇಂದಿಗೂ ಈ ಸೀಮೆಗೆ ಬರುತ್ತಾರೆ: ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ, 1739ರಲ್ಲಿ ಸಂತ ಸೇವಾಲಾಲರು ಹುಟ್ಟಿದರೆಂದು ನಂಬುವ ನೆಲಕ್ಕೆ, ಪ್ರತಿ ಫೆಬ್ರುವರಿಯಲ್ಲಿ ಬಂಜಾರ ಮಾಲಾಧಾರಿಗಳು ದೂರದ ತಾಂಡಾಗಳಿಂದ ನಡೆದೇ ಬರುತ್ತಾರೆ. ಎತ್ತುಗಳ ಮೇಲೆ ಸರಕು ಹೇರಿ ದೇಶ ಸುತ್ತಿದ ಸಮುದಾಯದ ಜಾತ್ರೆ ಇದು.

ಇಲ್ಲಿ ಬಲವಾದ ತಕರಾರೊಂದು ಏಳುತ್ತದೆ. ಮೈಲಾರಕ್ಕೆ ಹೋದವರು ಹರಕೆ ತೀರಿಸಲು ಹೋದರು, ಅಂಡಮಾನಿಗೆ ಹೋಗುವವರು ಮಜಾ ಮಾಡಲು ಹೋಗುತ್ತಾರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಹೇಗೆ? ಭಕ್ತಿ ನಿಜವಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಜಾತ್ರೆಯೆಂದರೆ ದೇವರ ಗುಡಿ ಮಾತ್ರ ಆಗಿರಲಿಲ್ಲ. ದನದ ಸಂತೆ, ಬಳೆ ಅಂಗಡಿ, ನಾಟಕ ಕಂಪನಿಯ ಟೆಂಟು, ಮಂಡಕ್ಕಿ ಮೆಣಸಿನಕಾಯಿ, ಬೆಂಡು ಬತ್ತಾಸು ಎಲ್ಲವೂ ಸೇರಿಯೇ ಜಾತ್ರೆ. ಹರಕೆಗೆ ಇನ್ನೊಂದು ಕೆಲಸವೂ ಇತ್ತು: ಅದು ಅಪ್ಪಣೆ ಚೀಟಿ. ಹೊಸಿಲು ದಾಟಲು ನೂರು ಕಾರಣ ಕೊಡಬೇಕಿದ್ದ ಸೊಸೆಗೆ ದೇವರ ಹೆಸರೊಂದು ಸಾಕಾಗುತ್ತಿತ್ತು. ನೋಡುವ, ತಿನ್ನುವ, ಊರಾಚೆ ಉಸಿರಾಡುವ ಆಸೆಗೆ ಭಕ್ತಿ ಗೌರವದ ಹೊದಿಕೆ ಕೊಟ್ಟಿತು. ಈಗ ಆ ಹೊದಿಕೆ ಬೇಕಿಲ್ಲ, ಆಸೆ ನೇರವಾಗಿ ತನ್ನ ಹೆಸರು ಹೇಳಿಕೊಂಡು ಹೊರಡುತ್ತದೆ.

ಎರಡನೆಯ ತಕರಾರು ಇನ್ನೂ ಗಟ್ಟಿ: ಹೋದವರು ಯಾರು? ಗಾಡಿ, ಎತ್ತು, ಹೊಲ ಇದ್ದವರು ಗಾಡಿಯಲ್ಲಿ ಹೋದರು, ಇಲ್ಲದವರು ನಡೆದರು. ಜಗಳೂರಿನಂಥ ಬರದ ಸೀಮೆಯಲ್ಲಿ ಮನೆಗೆ ಮನೆಯೇ ಹೊರಟದ್ದು ಹಲವು ಸಲ ಜಾತ್ರೆಗಲ್ಲ, ಗುಳೆಗೆ. ಮಲೆನಾಡಿನ ಕಾಫಿ ತೋಟಗಳಿಗೆ, ಬೆಂಗಳೂರಿಗೆ. ಇದು ಒಪ್ಪಬೇಕಾದ ಮಾತು. ವಿಹಾರದ ಚರಿತ್ರೆಯ ಬೆನ್ನೆಲುಬು ನೀರು ಎಂಬುದನ್ನು ತೋರಿಸುವುದೂ ಇದೇ. 1947ರಲ್ಲಿ ಆರಂಭವಾಗಿ 1960ರ ದಶಕದಲ್ಲಿ ಮುಗಿದ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ಚನ್ನಗಿರಿ, ಹೊನ್ನಾಳಿಗಳಿಗೆ ನಾಲೆ ನೀರು ತಂದಿತು, ಜಗಳೂರಿಗೆ ತರಲಿಲ್ಲ. ಕುತೂಹಲದ ಸಂಗತಿಯೆಂದರೆ ಈ ನೀರು ದುಡ್ಡು ಕೊಟ್ಟು ಬಿಡುವು ಕಸಿದುಕೊಂಡಿತು. ಮಳೆ ನಂಬಿದ ಹೊಲದಲ್ಲಿ ಸುಗ್ಗಿ ಮುಗಿದ ಮಾಘ ಮಾಸ ಪುರುಸೊತ್ತಿನ ಕಾಲ. ನಾಲೆಯಲ್ಲಿ ಬೇಸಿಗೆ ಭತ್ತಕ್ಕೆ ನೀರು ಬಿಡುವ ಹೊತ್ತಿಗೆ ಅದೇ ಮಾಘ ನಾಟಿಯ ಕಾಲವಾಯಿತು. ವಾರಗಟ್ಟಲೆಯ ಗಾಡಿ ಪಯಣ ಟ್ರ್ಯಾಕ್ಟರಿನ ಒಂದೆರಡು ದಿನದ ಪಯಣಕ್ಕೆ ಇಳಿದದ್ದರಲ್ಲಿ ಡಾಂಬರು ರಸ್ತೆಯ ಪಾಲಿದ್ದಷ್ಟೇ ನಾಲೆಯ ಪಾಲೂ ಇರಬೇಕು. ಬಿಡುವನ್ನು ಮರಳಿ ತಂದದ್ದು ಅಡಿಕೆ, ಅದರಲ್ಲೂ ಖೇಣಿ ಪದ್ಧತಿ. ಮರದ ಮೇಲಿನ ಫಸಲನ್ನೇ ಖೇಣಿದಾರನಿಗೆ ಕೊಟ್ಟರೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ಅವನ ತಲೆನೋವು. ಮನೆಯವರ ಕೈಗೆ ಗಂಟು ಹಣ, ಜೊತೆಗೆ ವೇಳೆ. ದೂರ ಪ್ರವಾಸಕ್ಕೆ ಬೇಕಾದ್ದು ಈ ಎರಡೇ.

ಜಗಳೂರಿನ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿಗೆ ಲೋಕವೇ ನಡೆದು ಬಂದ ಉದಾಹರಣೆಯಿದೆ. ಊರಿಂದೂರಿಗೆ ಸಾಗುವ ಸಾರ್ವಜನಿಕ ತರಳಬಾಳು ಹುಣ್ಣಿಮೆ ಮಹೋತ್ಸವ 1950ರಲ್ಲಿ ಮೊದಲಾದದ್ದು ಇದೇ ಜಗಳೂರಿನಲ್ಲಿ. ಅಂದಿನಿಂದ ವರ್ಷಕ್ಕೊಂದು ಊರು ಆರಿಸಿಕೊಳ್ಳುವ ಈ ಉತ್ಸವ ಸಾವಿರಾರು ಕುಟುಂಬಗಳಿಗೆ ಹೊಸ ಊರು ನೋಡುವ ನೆಪ ಒದಗಿಸಿದೆ. ಬಡ ಸೀಮೆಯಲ್ಲೂ ಆಸೆಗೆ ಕೊರತೆ ಇರಲಿಲ್ಲ, ಇದ್ದದ್ದು ನೀರಿಗೆ.

ಹಾಗಾದರೆ ನಿಜವಾಗಿ ಬದಲಾದದ್ದೇನು? ಅಂದು ಸಾಹಸವೆಲ್ಲ ದಾರಿಯಲ್ಲಿತ್ತು, ಮುಟ್ಟಿದ ಊರು ಪರಿಚಿತವಾಗಿತ್ತು. ಇಂದು ದಾರಿ ನಿರಾಳ. 2023ರಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣ ತೆರೆದ ಮೇಲೆ ಹೊನ್ನಾಳಿ, ನ್ಯಾಮತಿಯವರಿಗೆ ಆಕಾಶದ ದಾರಿ ಮನೆ ಹತ್ತಿರಕ್ಕೇ ಬಂದಿದೆ. ಸಾಹಸ ಈಗ ಹೋದ ಜಾಗದಲ್ಲಿ ಸಿಗುವ ಸರಕು: ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ, ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ಕಾಸು ಕೊಟ್ಟು ನೀರಿಗಿಳಿಯುವುದು. ಕಾಲ ಮಾತ್ರ ಹಳೆಯದೇ ಉಳಿದಿದೆ. ಮುಂಗಾರಿನಲ್ಲಿ ಕಡಲು ಕೆರಳಿರುತ್ತದೆ. ಅದು ಶಾಂತವಾಗುವ ತಿಂಗಳುಗಳಲ್ಲೇ ನಮ್ಮ ಜಾತ್ರೆಗಳ ಕಾಲವೂ ಬರುತ್ತದೆ. ಆದರೆ ಹೊಣೆ ಕೈಬದಲಾಯಿಸಿದೆ. ಹೊಳೆಯ ಆಳ ಬಲ್ಲ ಹಿರಿಯನ ಜಾಗದಲ್ಲಿ ಟ್ರಾವೆಲ್ ಏಜೆಂಟ್ ಕುಳಿತಿದ್ದಾನೆ.

ಅದರಲ್ಲಿ ತಪ್ಪೇನು ಎಂದು ಕೇಳಬಹುದು. ಪ್ಯಾಕೇಜಿನಲ್ಲಿ ಲೈಫ್ ಜಾಕೆಟ್ ಇದೆ, ತರಬೇತಿ ಪಡೆದವರಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಮೂರು ಕಲ್ಲು ಹೂಡಿ ದಾರಿಯುದ್ದಕ್ಕೂ ಬೇಯಿಸಿ ಹಾಕುತ್ತಿದ್ದ ಹೆಂಗಸರಿಗೆ ಮೊದಲ ಸಲ ನಿಜವಾದ ರಜೆ ಸಿಕ್ಕಿದೆ. ಹಳೆಯ ಗಾಡಿ ಪಯಣವನ್ನು ಹೊಗಳುವವರು ಈ ಒಂದು ಲೆಕ್ಕವನ್ನು ಮರೆಯಬಾರದು. ಆದರೆ ಏಜೆಂಟನಿಗೆ ಗೊತ್ತಿರುವುದು ದ್ವೀಪ, ಮನೆಯವರಲ್ಲ. ಅಜ್ಜನ ರಕ್ತದೊತ್ತಡ, ಮಗುವಿನ ಉಬ್ಬಸ, ನೀರು ಕಂಡರೆ ಹೆದರುವ ಅತ್ತಿಗೆ ಅವನ ಪಟ್ಟಿಯಲ್ಲಿ ಇರುವುದಿಲ್ಲ. ಲಕ್ಷದ್ವೀಪಕ್ಕೆ ನಮ್ಮ ದೇಶದವರಿಗೂ ಪರವಾನಗಿ ಬೇಕು. ಚೆನ್ನೈಯಿಂದ ಅಂಡಮಾನಿಗೆ ಹಡಗು ಹಿಡಿದರೆ ಎರಡು ಮೂರು ದಿನ ನಡುಗಡಲಲ್ಲಿ ಕಳೆಯಬೇಕು. ಇಂಥವನ್ನೆಲ್ಲ ಮುಂಚಿತವಾಗಿ ಕೂತು, ಎಲ್ಲರ ಎದುರು ಮಾತಾಡಿ ತೀರ್ಮಾನಿಸುವ ರೂಢಿ ಗಾಡಿ ಕಟ್ಟುವವರಿಗಿತ್ತು. ಸಾಲಿನ ವೇಗವನ್ನು ನಿಶ್ಚಯಿಸುತ್ತಿದ್ದುದು ಅತ್ಯಂತ ದಣಿದ ಎತ್ತು, ಅತ್ಯಂತ ಎಳೆಯ ಕೂಸು. ದ್ವೀಪಕ್ಕೆ ಹೋಗಬೇಡಿ ಎನ್ನಲು ಈ ಸೀಮೆಯ ಚರಿತ್ರೆಯಲ್ಲಿ ಯಾವ ಆಧಾರವೂ ಇಲ್ಲ. ದುಡ್ಡನ್ನು ಏಜೆಂಟನ ಕೈಗೆ ಕೊಟ್ಟರೂ, ಯಾರು ನೀರಿಗಿಳಿಯಬೇಕು, ಯಾರು ದಂಡೆಯಲ್ಲಿ ಉಳಿಯಬೇಕು ಎಂಬ ತೀರ್ಮಾನವನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎನ್ನಲು ಮಾತ್ರ ಬೇಕಾದಷ್ಟು ಆಧಾರವಿದೆ.