ಪೂರ್ವಜರ ಸಮಾಧಿಯ ಹುಡುಕಾಟ

ವಿಜಯಪುರ ಸಮಾಧಿಗಳ ನಗರ. ಗೋಲಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್‌ಶಾಹನು 1656ರಲ್ಲಿ ತೀರಿಕೊಂಡನೆಂಬುದನ್ನು ಅಲ್ಲಿನ ಬಾಗಿಲ ಮೇಲಿನ ಶಾಸನವೇ ತಿಳಿಸುತ್ತದೆ. ಪ್ರಿಯ ಓದುಗರೇ, ಆ ಗುಮ್ಮಟವನ್ನು ನೋಡಿ ಸೊಲ್ಲಾಪುರ ರಸ್ತೆ ಹಿಡಿದು ಮನೆಗೆ ಮರಳುವ ನಿಮ್ಮನ್ನು ಮಗುವೊಂದು, "ನಮ್ಮ ಮುತ್ತಜ್ಜನನ್ನು ಎಲ್ಲಿ ಮಣ್ಣು ಮಾಡಿದ್ದಾರೆ?" ಎಂದು ಕೇಳಿದರೆ ಏನೆಂದು ಉತ್ತರಿಸುವಿರಿ? ನಮ್ಮಲ್ಲಿ ಅನೇಕರು ಮೌನವಾಗುತ್ತೇವೆ.

ಪಿತಾಮಹ ಅಬ್ರಹಾಮನು ಪತ್ನಿ ಸಾರಳನ್ನು ಹೂಳಲು ನಾನೂರು ಬೆಳ್ಳಿ ನಾಣ್ಯ ತೂಗಿಕೊಟ್ಟು ಮಕ್ಪೇಲದ ಗವಿಯನ್ನು ಕೊಂಡನು. ಪರದೇಶಿಯಾಗಿದ್ದವನಿಗೆ ಆ ನಾಡಿನಲ್ಲಿ ದೊರೆತ ಮೊದಲ ಸ್ವಂತ ಭೂಮಿ ಸಮಾಧಿಯೇ. ಸತ್ತವರ ನೆಲೆ ತಿಳಿದಿರುವುದು ವಿಶ್ವಾಸಿಗಳ ಬಾಳಿನಲ್ಲಿ ಸಣ್ಣ ಸಂಗತಿಯಲ್ಲ.

ಧರ್ಮಸಭೆ ಇದಕ್ಕಾಗಿ ಪುಸ್ತಕಗಳನ್ನು ಇರಿಸಿತು. 1563ರಲ್ಲಿ ಟ್ರೆಂಟ್ ಮಹಾಸಭೆ ಜ್ಞಾನಸ್ನಾನ ಹಾಗೂ ವಿವಾಹಗಳ ದಾಖಲೆಯನ್ನು ಕಡ್ಡಾಯಗೊಳಿಸಿತು. 1614ರ ರೋಮನ್ ವಿಧಿಗ್ರಂಥ ಮೃತರ ಪುಸ್ತಕಕ್ಕೂ ಮಾದರಿ ಕೊಟ್ಟಿತು. ಇಂದಿನ ಧರ್ಮಸಭಾ ಕಾನೂನಿನ 535ನೆಯ ಕಲಮು ಪ್ರತಿಯೊಂದು ಧರ್ಮಕೇಂದ್ರದಲ್ಲಿ ಈ ಮೂರೂ ಪುಸ್ತಕಗಳಿರಬೇಕೆಂದೂ ಹಳೆಯವನ್ನು ಜೋಪಾನವಾಗಿ ಕಾಪಾಡಬೇಕೆಂದೂ ವಿಧಿಸುತ್ತದೆ.

ಆದರೆ ಯಾವ ಊರಿನ ಪುಸ್ತಕವನ್ನು ತೆರೆಯಬೇಕು? ಇಲ್ಲಿ ಇತಿಹಾಸ ತಿಳಿದಿರಬೇಕು. ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲೇ, 1637ರಲ್ಲಿ, ಗೋವೆಯ ದಿವಾರ್ ದ್ವೀಪದ ಮತೆಯುಸ್ ದೆ ಕಾಸ್ತ್ರೊ ಅವರನ್ನು ಈ ರಾಜ್ಯದ ಮೇಲ್ವಿಚಾರಣೆಗೆ ಧರ್ಮಾಧ್ಯಕ್ಷರನ್ನಾಗಿ ರೋಮ್ ನೇಮಿಸಿತು. ಅವರು 1677ರಲ್ಲಿ ರೋಮಿನಲ್ಲೇ ನಿಧನರಾದರು. ಮುಂದೆ 1886ರಲ್ಲಿ ಪುಣೆ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಅಲ್ಲಿ ಜರ್ಮನ್ ಯೇಸುಸಭೆಯ ಗುರುಗಳು ಸೇವೆ ಸಲ್ಲಿಸುತ್ತಿದ್ದರು. ಬಿಜಾಪುರ ಆಗ ಪುಣೆಗೆ ಸೇರಿತ್ತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯಕ್ಕೂ 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೂ ಸೇರಿತು. ಊರು ಕದಲಲಿಲ್ಲ, ಅದರ ಮೇಲಿನ ಆಡಳಿತ ಮಾತ್ರ ಬದಲಾಗುತ್ತ ಬಂದಿತು.

ಸರಕಾರಿ ಎಲ್ಲೆಗಳೂ ಹಾಗೆಯೇ. 1885ರವರೆಗೆ ಜಿಲ್ಲಾ ಕೇಂದ್ರ ಕಲಾದಗಿಯಾಗಿತ್ತು. ಅದಕ್ಕೆ ಮುಂಚಿನ ನೌಕರರ ಜಾಡನ್ನು ಅಲ್ಲಿಯೂ ಅರಸಬೇಕು. 1880ರ ದಶಕದಲ್ಲಿ ಹೊಟಗಿ–ಗದಗ ರೈಲುಮಾರ್ಗ ಬಂದಿತು. ರೈಲ್ವೆ ನೌಕರನೊಬ್ಬನ ಮಗು ಸೊಲ್ಲಾಪುರದಲ್ಲಿ ಜ್ಞಾನಸ್ನಾನ ಪಡೆದು, ಹುಬ್ಬಳ್ಳಿಯಲ್ಲಿ ಮದುವೆಯಾಗಿ, ಬಿಜಾಪುರದಲ್ಲಿ ಕಣ್ಣುಮುಚ್ಚುವುದು ಆಗ ಅಸಹಜವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಸೊಲ್ಲಾಪುರ ರಸ್ತೆ ಎರಡು ರಾಜ್ಯಗಳ ನಡುವಿನ ದಾರಿಯಾಯಿತು. ನಿಮ್ಮ ಹುಡುಕಾಟವೂ ಆ ಗಡಿ ದಾಟಬೇಕಾಗಬಹುದು. ಮನೆತನ ಬಾಸೆಲ್ ಮಿಷನ್ನಿನದಾದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಪತ್ರಾಗಾರವನ್ನೂ ಮರೆಯಬಾರದು.

ಪುಸ್ತಕ ದೊರೆತ ಮೇಲೂ ತಾಳ್ಮೆ ಬೇಕು. ಹಳೆಯ ಪುಟಗಳು ಬಹುಮಟ್ಟಿಗೆ ಲತೀನಿನಲ್ಲಿರುತ್ತವೆ. 'ಸೆಪುಲ್ತುಸ್' ಎಂದರೆ ಸಮಾಧಿಯಾದವನು, 'ಸೆಪುಲ್ತಾ' ಎಂದರೆ ಸಮಾಧಿಯಾದವಳು. ಮನೆಯವರು ಸಂತಿಯಾಗ ಎಂದು ಕರೆದವನು ಅಲ್ಲಿ ಯಾಕೋಬುಸ್ ಆಗಿರುತ್ತಾನೆ. ಲುವಿಸ್ ಎಂಬವನು ಅಲೋಯ್ಸಿಯುಸ್ ಆಗಿರುತ್ತಾನೆ. ಮರಣದ ಪುಟ ಸಿಗದಿದ್ದರೆ ಜ್ಞಾನಸ್ನಾನದ ಪುಟದ ಅಂಚನ್ನು ನೋಡಿರಿ. 1908ರಿಂದ ವಿವಾಹದ ವಿವರವನ್ನು ಅಲ್ಲಿ ಬರೆಯುವ ನಿಯಮ ಬಂದಿತು. ಮದುವೆಯಾದ ಊರು ತಿಳಿದರೆ ಮುಂದಿನ ದಾರಿ ತೆರೆಯುತ್ತದೆ.

ಇನ್ನೊಂದು ನೋವಿನ ಮಾತನ್ನೂ ಹೇಳಲೇಬೇಕು. ಕೆಲವು ಹೆಸರುಗಳು ಯಾವ ಪುಟದಲ್ಲೂ ಸಿಗಲಾರವು. 1917ರ ಕಾನೂನು ಜ್ಞಾನಸ್ನಾನವಿಲ್ಲದೆ ತೀರಿಕೊಂಡವರಿಗೆ ಧರ್ಮಸಭೆಯ ಅಂತ್ಯವಿಧಿಯನ್ನು ನೀಡುತ್ತಿರಲಿಲ್ಲ. ಹುಟ್ಟಿದ ಗಳಿಗೆಯಲ್ಲೇ ಅಸುನೀಗಿದ ಎಷ್ಟೋ ಕೂಸುಗಳು ಹೆಸರಿಲ್ಲದೆ, ಪ್ರಾರ್ಥನೆಯಿಲ್ಲದೆ ಮಣ್ಣು ಸೇರಿದವು. ಆ ತಾಯಂದಿರು ಯಾರ ಮುಂದೆ ಅತ್ತರು? ಜ್ಞಾನಸ್ನಾನ ಕೊಡಿಸಬೇಕೆಂದು ತಂದೆತಾಯಿ ಬಯಸಿದ್ದ ಮಗುವಿಗೂ ಅಂತ್ಯವಿಧಿ ನಡೆಸಲು ಧರ್ಮಾಧ್ಯಕ್ಷರು ಅನುಮತಿಸಬಹುದೆಂದು 1983ರ ಕಾನೂನು ಹೇಳುತ್ತದೆ. ನಿಮ್ಮ ಅಜ್ಜಿ ಎಂದೋ ಮೆಲ್ಲಗೆ "ಇನ್ನೊಂದು ಮಗುವಿತ್ತು" ಎಂದಿದ್ದರೆ, ಆ ಮಾತನ್ನು ಬರೆದಿಡಿರಿ. ಅದಕ್ಕೆ ಬೇರೆ ದಾಖಲೆಯೇ ಇಲ್ಲದಿರಬಹುದು.

ಕಡೆಗೆ ಪುಟ ಸಿಕ್ಕಿತೆನ್ನಿ. ಹೆಸರು, ವಯಸ್ಸು, ದಿನಾಂಕ, ಕಡೆಯ ಸಂಸ್ಕಾರಗಳು, ಗುರುಗಳ ಸಹಿ ಎಲ್ಲವೂ ಇದ್ದರೂ ಸಾಲು ಯಾವುದು, ಗುಣಿ ಯಾವುದು ಎಂಬುದು ಇಲ್ಲದಿರಬಹುದು. ಬಡವರ ಸಮಾಧಿಗೆ ಕಲ್ಲಿರಲಿಲ್ಲ. ಮರದ ಶಿಲುಬೆ ಕೆಲವು ಮಳೆಗಾಲಗಳಲ್ಲಿ ಕರಗಿತು. ಅದೇ ಗುಣಿಯಲ್ಲಿ ಮತ್ತೊಬ್ಬರು ಮಲಗಿರಲೂಬಹುದು. ಆಗ ನಿರಾಶರಾಗಬೇಡಿರಿ. ಇಡೀ ಸ್ಮಶಾನಭೂಮಿಯೇ ನಿಮ್ಮ ಮುತ್ತಜ್ಜನದೆಂದು ತಿಳಿಯಿರಿ. ಒಂದು ಗೋರಿಯ ಮೇಲೆ ಹಚ್ಚಬೇಕೆಂದಿದ್ದ ಮೇಣದಬತ್ತಿಯನ್ನು ನಡುವಿನ ಶಿಲುಬೆಯ ಬುಡದಲ್ಲಿ ಹಚ್ಚಿದರೆ, ಯಾರೂ ಕೇಳಲು ಬಾರದ ನೆರೆಹೊರೆಯ ಮೃತರಿಗೂ ಆ ಬೆಳಕು ಸಲ್ಲುತ್ತದೆ.

ನವೆಂಬರ್ 2, ಸಕಲ ಮೃತವಿಶ್ವಾಸಿಗಳ ಸ್ಮರಣೆಯ ದಿನ. ಅದಕ್ಕೆ ಮುನ್ನ ಮನೆಯ ಹಿರಿಯರ ಬಳಿ ಕುಳಿತು ಅವರಿಗೆ ನೆನಪಿರುವ ಹೆಸರುಗಳನ್ನೂ ಊರುಗಳನ್ನೂ ಕೇಳಿ ಬರೆದುಕೊಳ್ಳಿರಿ. ಧರ್ಮಕೇಂದ್ರದ ಗುರುಗಳ ಅನುಮತಿ ಪಡೆದು, ಶಿಥಿಲವಾದ ಪುಟಗಳ ಪ್ರತಿ ಮಾಡಲು ಯುವಜನರು ನೆರವಾಗಲಿ. ದೊರೆಗಳು ತಮ್ಮ ಹೆಸರನ್ನು ಕಲ್ಲಿಗೆ ಒಪ್ಪಿಸಿದರು. ನಮ್ಮವರು ಒಂದು ಪುಸ್ತಕದ ಸಾಲಿಗೂ ನಮ್ಮ ಪ್ರಾರ್ಥನೆಗೂ ಒಪ್ಪಿಸಿ ಹೋಗಿದ್ದಾರೆ. ಆ ಸಾಲು ಅಳಿಸದಂತೆ ಕಾಯುವ ಹೊಣೆ ನಮ್ಮದು. ಅಳಿಸಿಹೋದುದನ್ನು ದೇವರು ಬಲ್ಲರು.