ಕಾಗದದ ಹಕ್ಕು, ಮಾತಿನ ಅಗತ್ಯ: ಹೊಸಂಗಡಿ ಪರಿಸರದ ಹಿರಿಯರು ಮತ್ತು ಊರಿನ ಸಂಘಸಂಸ್ಥೆಗಳು

ಆಡಳಿತದ ಭಾಷೆ ಬಾರದ ವೃದ್ಧರಿಗೆ ನೆರವಾಗುವ ಸಂಘಗಳ ಅಧ್ಯಯನ ಬಹುಮಟ್ಟಿಗೆ ವಲಸಿಗರನ್ನು ಕುರಿತೇ ನಡೆದಿದೆ. 1975ರ ಬಳಿಕ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ನಿರಾಶ್ರಿತರು ಕಟ್ಟಿಕೊಂಡ ಪರಸ್ಪರ ಸಹಾಯ ಸಂಘಗಳು ಇದಕ್ಕೆ ಪರಿಚಿತ ನಿದರ್ಶನ. ಆದರೆ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಹೊಸಂಗಡಿಯ ಹಿರಿಯರು ಎಲ್ಲಿಗೂ ವಲಸೆ ಹೋದವರಲ್ಲ. ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದು ರಾಜ್ಯಗಳ ಗಡಿ ವಿವಾದ ಕುರಿತ ಮಹಾಜನ ಆಯೋಗ 1967ರಲ್ಲಿ ಮಾಡಿದ ಶಿಫಾರಸು ಜಾರಿಗೆ ಬರಲಿಲ್ಲ. ಹೀಗಾಗಿ ಇಂದು ಎಪ್ಪತ್ತು ದಾಟಿದವರು ಹುಟ್ಟಿದ ಮನೆಯಲ್ಲೇ ಇದ್ದು, ಕಚೇರಿಯ ಭಾಷೆಯಾದ ಮಲಯಾಳಕ್ಕೆ ಹೊರಗಿನವರಾಗಿದ್ದಾರೆ.

ಕಾನೂನು ಇವರನ್ನು ಪೂರ್ತಿ ಮರೆತಿಲ್ಲ. ಯಾವುದೇ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಡುತ್ತದೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆ, ತಿದ್ದುಪಡಿಯ ಬಳಿಕ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸ್ಥಳೀಯ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಬಹುದೆಂದೂ ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದೂ ಹೇಳುತ್ತದೆ. ಆದರೆ ಇವೆರಡೂ ಬರೆಯಬಲ್ಲವರ ಹಕ್ಕುಗಳು. ಬೀಡಿ ಕಟ್ಟಿಯೋ ಗದ್ದೆ ತೋಟಗಳಲ್ಲಿ ದುಡಿದೋ ಮುಪ್ಪಿಗೆ ಬಂದ, ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಕೊಂಕಣಿಯನ್ನೋ ಆಡುವ, ಯಾವ ಲಿಪಿಯನ್ನೂ ಸರಾಗವಾಗಿ ಓದಲಾರದ ಮುದುಕಿಗೆ ಕನ್ನಡ ಅರ್ಜಿಯಿಂದ ಆಗುವ ಲಾಭ ಅಷ್ಟಕ್ಕಷ್ಟೆ. ಭಾಷಾ ಹಕ್ಕಿನ ಚಳವಳಿಯೂ ಶಾಲೆ, ಅರ್ಜಿ, ನಾಮಫಲಕಗಳಿಗೆ ಕೊಟ್ಟಷ್ಟು ಗಮನವನ್ನು ಈ ಆಡುಮಾತಿನ ಅಗತ್ಯಕ್ಕೆ ಕೊಟ್ಟಿಲ್ಲವೆನ್ನಬೇಕು.

ಪಿಂಚಣಿಯ ಮಸ್ಟರಿಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಮಸ್ಟರಿಂಗ್ ಎಂದರೆ ಫಲಾನುಭವಿ ಬದುಕಿದ್ದಾರೆಂಬುದನ್ನು ಅಕ್ಷಯ ಕೇಂದ್ರದಲ್ಲಿ (ಸರಕಾರಿ ಆನ್‌ಲೈನ್ ಸೇವೆಗಳ ಸ್ಥಳೀಯ ಕೇಂದ್ರ) ಬೆರಳಚ್ಚಿನ ಮೂಲಕ ದೃಢಪಡಿಸುವ ಕ್ರಮ. ದಶಕಗಳ ಕಾಲ ಎಲೆ ಸುತ್ತಿ ಸವೆದ ಬೆರಳನ್ನು ಯಂತ್ರ ಗುರುತಿಸದೆ ಹೋದರೆ ಪಂಚಾಯತು ಕಚೇರಿಗೆ ಜೀವಂತ ಪ್ರಮಾಣಪತ್ರ ಸಲ್ಲಿಸುವ ದಾರಿಯಿದೆ. ಹಾಸಿಗೆ ಹಿಡಿದವರ ಮನೆಗೇ ಬಂದು ಮಸ್ಟರಿಂಗ್ ಮಾಡುವ ಏರ್ಪಾಡೂ ಇದೆ. ಈ ದಾರಿಗಳಿವೆಯೆಂದು ಅವರದೇ ಮಾತಿನಲ್ಲಿ ಹೇಳುವವರಿಲ್ಲದಿದ್ದರೆ ಅವು ಇದ್ದೂ ಇಲ್ಲದಂತೆ.

ಹೇಳಬಲ್ಲ ಸಂಸ್ಥೆಗಳು ಊರಿನಲ್ಲೇ ಇವೆ. 1998ರಲ್ಲಿ ಆರಂಭವಾದ ಕೇರಳ ಸರಕಾರದ ಬಡತನ ನಿವಾರಣಾ ಯೋಜನೆ ಕುಟುಂಬಶ್ರೀಯ ಅಯಲ್‌ಕೂಟಗಳು, ಅಂದರೆ ಹತ್ತಿಪ್ಪತ್ತು ನೆರೆಮನೆಗಳ ಹೆಂಗಸರ ಕೂಟಗಳು, ಯಾವ ಮನೆಯಲ್ಲಿ ಯಾರು ಒಂಟಿಯಾಗಿದ್ದಾರೆಂಬುದನ್ನು ಬಲ್ಲವು. 2008ರ ಉಪಶಾಮಕ ಆರೈಕೆ ನೀತಿಯನ್ವಯ (ವಾಸಿಯಾಗದ ಕಾಯಿಲೆಯಲ್ಲಿ ನೋವು ತಗ್ಗಿಸುವ ಚಿಕಿತ್ಸೆಯೇ ಉಪಶಾಮಕ ಆರೈಕೆ) ಪಂಚಾಯತಿನ ದಾದಿ ರೋಗಿಯ ಮನೆಗೇ ಬರುತ್ತಾರೆ. ಭಜನಾ ಮಂದಿರ, ಜಮಾಅತ್, ಇಗರ್ಜಿಯ ಸಭೆ, ಗ್ರಂಥಾಲಯ, ತಾಳಮದ್ದಳೆಯ ಸಂಘ ಇವುಗಳಿಗೆ ಜನರ ವಿಶ್ವಾಸವಿದೆ, ಕೂರಲು ಜಗಲಿಯಿದೆ. ಆದರೆ ಒಂದರ ಮಾಹಿತಿ ಇನ್ನೊಂದಕ್ಕೆ ತಲುಪುವುದಿಲ್ಲ. ದುಭಾಷಿಯ ಕೆಲಸ, ಎಂದರೆ ಒಬ್ಬರ ಮಾತನ್ನು ಇನ್ನೊಬ್ಬರ ಭಾಷೆಗೆ ದಾಟಿಸುವ ಕೆಲಸ, ಬಿಡುವಿದ್ದ ಮೊಮ್ಮಗಳ ಪಾಲಿಗೆ ಬೀಳುತ್ತದೆ. ಅಜ್ಜಿ ಮೂತ್ರದ ತೊಂದರೆಯನ್ನು ಮೊಮ್ಮಗಳ ಬಾಯಿಂದ ವೈದ್ಯರಿಗೆ ಹೇಳಿಸುವಾಗ ಅರ್ಧ ಮುಚ್ಚಿಡುವುದು ಸಹಜವೇ.

ಗಡಿಯಾಚೆಗಿನ ಸಂಬಂಧವನ್ನೂ ಇಲ್ಲಿ ಗಣಿಸಬೇಕು. ಹೊಸಂಗಡಿಯವರಿಗೆ ಜಿಲ್ಲಾ ಕೇಂದ್ರಕ್ಕಿಂತ ಮಂಗಳೂರು ಹತ್ತಿರ, ಅಲ್ಲಿನ ಆಸ್ಪತ್ರೆಗಳಲ್ಲಿ ತುಳುವೂ ಕನ್ನಡವೂ ನಡೆಯುತ್ತವೆ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಮಂಗಳೂರಿನ ದಾರಿಯಲ್ಲಿರುವ ತಲಪಾಡಿ ಗಡಿ ಮುಚ್ಚಿದಾಗ ಆಂಬುಲೆನ್ಸುಗಳೂ ಅಲ್ಲೇ ತಡೆಯಲ್ಪಟ್ಟು, ಚಿಕಿತ್ಸೆ ಸಿಗದೆ ಸಾವುಗಳು ಸಂಭವಿಸಿದವು. ಪ್ರಕರಣ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡೂ ಬದಿಯ ಆಸ್ಪತ್ರೆ, ಕಚೇರಿಗಳೊಡನೆ ಸಂಪರ್ಕವಿಲ್ಲದ ಸಂಘ ಇಂಥ ಹೊತ್ತಿನಲ್ಲಿ ಕೈಕಟ್ಟಿ ಕೂರಬೇಕಾಗುತ್ತದೆ.

ಆದ್ದರಿಂದ ಈ ಪ್ರದೇಶಕ್ಕೆ ಬೇಕಾಗಿರುವುದು ಮತ್ತೊಂದು ಹೊಸ ಸಂಘವಲ್ಲ. ತುಳು, ಬ್ಯಾರಿ, ಕನ್ನಡ, ಮಲಯಾಳಗಳನ್ನು ಆಡಬಲ್ಲ ಸ್ಥಳೀಯ ಮಹಿಳೆಯೊಬ್ಬರನ್ನು ಗೌರವಧನ ಕೊಟ್ಟು ನೇಮಿಸಿ, ಅವರು ದಾದಿಯ ಜೊತೆ ಮನೆಗಳಿಗೂ ಹಿರಿಯರ ಜೊತೆ ಅಕ್ಷಯ ಕೇಂದ್ರಕ್ಕೂ ಹೋಗುವಂತೆ, ವಾರಕ್ಕೊಂದು ದಿನ ಮಂದಿರ, ಮಸೀದಿ, ಇಗರ್ಜಿಗಳ ಜಗಲಿಯಲ್ಲಿ ಸರದಿಯಂತೆ ಕೂರುವಂತೆ ಏರ್ಪಾಡು ಮಾಡಿದರೆ ಇರುವ ಸಂಸ್ಥೆಗಳೇ ಬಲಗೊಳ್ಳುತ್ತವೆ. ತುಳು ಇನ್ನೂ ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿಲ್ಲವೆಂಬುದು ಈ ನೇಮಕಕ್ಕೆ ಅಡ್ಡಿಯಾಗದು. ಹಿರಿಯರಿಗಾಗಿಯೇ ಕರೆಯುವ ವಯೋಜನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಮಂಡಿಸಬಹುದು. ಆ ಸಭೆಯನ್ನು ಮೊದಲು ತುಳುವಿನಲ್ಲಿ ನಡೆಸಬೇಕು.